ಯುದ್ಧ ಬೇಡವೆಂಬ ಸಭೆಗೆ ಒಬ್ಬ ಅಧ್ಯಕ್ಷರು

ಇಂಚರಾ, ತೇಜೂ, ಇಬ್ಬರೂ ಹತ್ತಿರ ಬನ್ನಿ. ನಿಮ್ಮ ಅಜ್ಜಿ ಮೆಲ್ಬರ್ನಿನಲ್ಲಿ ಒಮ್ಮೆ ಜೈಲಿಗೆ ಹೋಗುವವಳಿದ್ದಳು ಎಂದು ನಿಮ್ಮಪ್ಪ ಬ್ಲ್ಯಾಕ್‌ಟೌನಿನ ಈಗಿನ ಮನೆಗೆ ಬಂದವರಿಗೆಲ್ಲ ಹೇಳುತ್ತಾನೆ. ಅದು ಶುದ್ಧ ಸುಳ್ಳು. ಪೊಲೀಸರು ಬರಲೇ ಇಲ್ಲ. ಬಂದಿದ್ದರೆ ಅವರಿಗೂ ಉಪ್ಪಿಟ್ಟು ಸಾಲುತ್ತಿತ್ತು! ನಡೆದದ್ದು ನಡೆದ ಹಾಗೆಯೇ ತಿಳಿಯಲಿ ಎಂದು ನಾನೇ ಬರೆಯಲು ಕುಳಿತಿದ್ದೇನೆ. ನಿಮಗೆ ಕನ್ನಡ ತಿಳಿಯುತ್ತದೆ, ಓದಲು ಬಾರದು. ಅಪ್ಪನಿಂದಲೇ ಓದಿಸಿಕೊಳ್ಳಬೇಕು. ತನ್ನ ವಿಷಯ ಬಂದ ಕಡೆ ಅವನು ಹಾಳೆ ಹಾರಿಸುವ ಆಸಾಮಿ. ಅದಕ್ಕೇ ಪುಟಗಳಿಗೆ ನಂಬರು ಹಾಕಿದ್ದೇನೆ. ಎಣಿಸಿಕೊಳ್ಳಿ.

ಮೊದಲು ನನ್ನ ಸ್ವಭಾವ ಹೇಳಿಬಿಡುತ್ತೇನೆ. ನಾನು ಓದಿದ್ದು ನವಲಗುಂದದ ಹತ್ತಿರದ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ, ಏಳನೆಯ ಇಯತ್ತೆಯ ತನಕ. ಆ ಏಳು ವರ್ಷಗಳಲ್ಲಿ ನಾನು ಎದ್ದು ನಿಂತು ಆಡಿದ ಮಾತು ಒಂದೇ: "ಹಾಜರ್". ಅದೂ ಮಾಸ್ತರರ ಕಿವಿಗೆ ಮುಟ್ಟದೆ, ಬೆಂಚಿನ ಮೇಲೆ ಕುಳಿತಿದ್ದಾಗಲೇ ಎಷ್ಟೋ ದಿನ ಗೈರುಹಾಜರಾಗಿದ್ದೇನೆ. ಇಂಥವಳು ಪರದೇಶದ ಕಾಲೇಜಿನಲ್ಲಿ ಒಂದು ಪ್ರತಿಭಟನಾ ಸಭೆಯ ಸಂಘಟಕಿಯಾದಳು ಎಂದರೆ ನನಗೇ ನಂಬಿಕೆಯಾಗುವುದಿಲ್ಲ. ಆದರೆ ಅರ್ಜಿಯ ಮೇಲೆ ನನ್ನ ಸಹಿಯೇ ಇತ್ತು.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಿಮ್ಮಪ್ಪ ನನ್ನನ್ನು ಮೆಲ್ಬರ್ನಿನ ಗ್ಲೆನ್ ವೇವರ್ಲಿಯ ಮನೆಗೆ ಕರೆತಂದ. ನಿಮ್ಮಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋದರೆ, ಇಂಚರಾ, ನೀನು ಚೈಲ್ಡ್‌ಕೇರಿಗೆ ಹೋಗುತ್ತಿದ್ದೆ. ತೇಜು ಇನ್ನೂ ಹುಟ್ಟಿರಲಿಲ್ಲ. ನಾನು ಕಿಟಕಿಯ ಬಳಿ ಕುಳಿತು ಎದುರು ಮನೆಯ ಕಸದ ಡಬ್ಬಿ ನೋಡುತ್ತಿದ್ದೆ. ಎರಡು ವರ್ಷ ನೋಡಿದೆ. ಆಮೇಲೆ ಪಕ್ಕದ ಬೀದಿಯ ಪದ್ಮಾ, ಉಡುಪಿಯ ಕಡೆಯವಳು, ತಾನು ಕೆಲಸ ಮಾಡುತ್ತಿದ್ದ ಕಾಲೇಜಿನ ಅಡುಗೆಮನೆಯಲ್ಲಿ ತಟ್ಟೆ ತೊಳೆಯುವ ಕೆಲಸ ಖಾಲಿಯಿದೆ ಎಂದಳು. ಹೋದೆ. ಸೇರಿಸಿಕೊಂಡರು. ಸೀರೆಯ ಮೇಲೆ ಏಪ್ರನ್ ಕಟ್ಟಿ ನಿಂತ ದಿನ, ಐವತ್ತೆಂಟನೆಯ ವಯಸ್ಸಿಗೆ, ನನ್ನದೂ ಒಂದು ಕೆಲಸ ಎಂದು ಮೊದಲ ಸಲ ಅನ್ನಿಸಿತು.

ನಿಮ್ಮಪ್ಪ ವೆಂಕಟೇಶನಿಗೆ ಇದು ಹಿಡಿಸಲಿಲ್ಲ.

"ಅವ್ವಾ, ನಮ್ಮ ಮನಿ ಹೆಣ್ಣುಮಕ್ಕಳು ಮಂದಿ ತಾಟು ತೊಳ್ಯಾಕ ಹೋಗ್ಯಾರೇನ?"

"ನಾ ಹುಟ್ಟಿದಾಗಿಂದ ತೊಳ್ಯಾಕಹತ್ತೇನಿ. ಇಲ್ಲೆ ಮಶೀನ್ ಐತಿ, ನಾ ಬರೇ ಜೋಡಸ್ತೀನಿ."

"ಆತು. ಆದ್ರ ಒಂದ ಮಾತು. ಕಾಲೇಜಿಂದ ಒಂದ ಕಂಪ್ಲೇಂಟ್ ಮನಿಗೆ ಬಂತಂದ್ರ ಕೆಲಸ ಬಿಟ್ಟು ಮನ್ಯಾಗ ಕೂಡಬೇಕು ನೋಡು."

"ನನ್ನ ಮ್ಯಾಲೆ ಕಂಪ್ಲೇಂಟ್? ನನ್ನ ಬಾಯಿಂದ ಮಾತs ಹೊರಡೂದಿಲ್ಲಲ್ಲೋ!" ಎಂದೆ. ಎಂಥ ಆತ್ಮವಿಶ್ವಾಸ!

ಆ ಕಾಲೇಜು ಬಹಳ ಹಳೆಯದು, ಬಹಳ ಸಂಪ್ರದಾಯದ್ದು. ಹುಡುಗರು ರಾತ್ರಿಯ ಊಟಕ್ಕೆ ಕಪ್ಪು ನಿಲುವಂಗಿ ತೊಟ್ಟು ಬರಬೇಕು. ಊಟದ ಹಾಲಿನ ಗೋಡೆಯ ತುಂಬ ಹಿಂದಿನ ಯುದ್ಧಗಳಿಗೆ ಹೋದ ವಿದ್ಯಾರ್ಥಿಗಳ ಹೆಸರುಗಳು, ಚಿನ್ನದ ಅಕ್ಷರಗಳಲ್ಲಿ. ಕಟ್ಟಡಗಳ ನಡುವೆ ಚೌಕಾಕಾರದ ಹುಲ್ಲುಹಾಸು. ಅರ್ಜಿ ಹಾಕದೆ ಅದರ ಮೇಲೆ ನಡೆಯುವ ಅಧಿಕಾರ ಇದ್ದದ್ದು ಇಬ್ಬರಿಗೆ: ಪ್ರಿನ್ಸಿಪಾಲರಿಗೆ ಮತ್ತು ಹುಲ್ಲು ಕತ್ತರಿಸುವವನಿಗೆ. ಪ್ರಿನ್ಸಿಪಾಲರು ಡಾಕ್ಟರ್ ವಿಟ್‌ಕಂಬ್. ಆರಡಿ ಎತ್ತರ. ಅವರು ನಕ್ಕದ್ದನ್ನು ನೋಡಿದ್ದೇನೆ ಎಂದು ಹೇಳಿದವರು ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ.

ತಟ್ಟೆಯ ಮಶೀನಿನ ಆ ತುದಿಗೆ ನಾನು, ಈ ತುದಿಗೆ ಸಮೀರಾ. ಇರಾಕಿನ ಬಸ್ರಾ ಊರಿನವಳು. ಇಬ್ಬರ ಇಂಗ್ಲಿಷೂ ಒಂದೇ ಮಟ್ಟದ್ದಾದ್ದರಿಂದ ನಮ್ಮಿಬ್ಬರಿಗೆ ಚೆನ್ನಾಗಿ ತಿಳಿಯುತ್ತಿತ್ತು. ಆ ವರ್ಷ ಇರಾಕಿನ ಮೇಲೆ ಯುದ್ಧ ಶುರುವಾಗುವುದರಲ್ಲಿತ್ತು. ಆಸ್ಟ್ರೇಲಿಯಾದ ಸೈನ್ಯವೂ ಹೊರಟಿತ್ತು. ಸಮೀರಾಳ ತಂಗಿ ಮೂರು ಮಕ್ಕಳೊಂದಿಗೆ ಬಸ್ರಾದಲ್ಲೇ ಇದ್ದಳು. ಫೋನು ಹತ್ತುತ್ತಿರಲಿಲ್ಲ. ಸಮೀರಾ ಅಳುತ್ತಿರಲಿಲ್ಲ. ತೊಳೆದ ತಟ್ಟೆಗಳನ್ನೇ ಮತ್ತೆ ಮಶೀನಿಗೆ ಹಾಕುತ್ತಿದ್ದಳು.

ಕ್ಲೇರ್ ಎಂಬ ವಿದ್ಯಾರ್ಥಿನಿ ಒಂದು ದಿನ ಅಡುಗೆಮನೆಗೆ ಬಂದಳು. ಅವಳೂ ಅವಳ ಹತ್ತಿಪ್ಪತ್ತು ಗೆಳೆಯರೂ ಹುಲ್ಲುಹಾಸಿನ ಮೇಲೆ ಇಪ್ಪತ್ತು ನಿಮಿಷ ಮೌನವಾಗಿ ನಿಂತು ಯುದ್ಧ ಬೇಡವೆಂದು ತೋರಿಸಬೇಕಂತೆ. ಅವಳ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಬರೆಯುತ್ತೇನೆ.

"ಹುಲ್ಲುಹಾಸನ್ನು ವಿದ್ಯಾರ್ಥಿಗಳು ಬುಕ್ ಮಾಡುವ ಹಾಗಿಲ್ಲ. ಸಿಬ್ಬಂದಿಯೇ ಅರ್ಜಿ ಹಾಕಬೇಕು. ಪಾಠ ಹೇಳುವವರು ಯಾರೂ ಒಪ್ಪಲಿಲ್ಲ. ನಿಮ್ಮಲ್ಲಿ ಯಾರಾದರೂ..."

ಸಮೀರಾ ಕೈ ಒರೆಸಿಕೊಂಡು ಮುಂದೆ ಬಂದಳು. ಅವಳ ವೀಸಾ ಇನ್ನೂ ತಾತ್ಕಾಲಿಕದ್ದು. ನನಗೆ ಪಿಆರ್, ಅಂದರೆ ಇಲ್ಲೇ ಕಾಯಂ ಇರುವ ಪರವಾನಗಿ, ಇತ್ತು. "ನೀ ಸುಮ್ಮನಿರು" ಎಂದು ಅವಳನ್ನು ಹಿಂದೆ ಸರಿಸಿ ನಾನೇ ಸಹಿ ಹಾಕಿದೆ. ಕನ್ನಡದಲ್ಲಿ. ಜೀವನದಲ್ಲಿ ಅಷ್ಟು ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ.

"ಬರೀ ಸಹಿ ಸಾಕು ಗಿರಿಜಾ. ನೀವು ಮತ್ತೇನೂ ಮಾಡಬೇಕಾಗಿಲ್ಲ" ಎಂದಳು ಕ್ಲೇರ್.

ಅಲ್ಲಿಗೆ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಉದ್ದೇಶದ ಜಾಗದಲ್ಲಿ ಕ್ಲೇರ್ "ಶಾಂತಿಗಾಗಿ ಮೌನ ಸಭೆ" ಎಂದು ಬರೆದಿದ್ದಳು. ಆಫೀಸಿನ ಹೆಂಗಸು ಅಷ್ಟು ದೂರ ಓದಲಿಲ್ಲ. "ಅಡುಗೆಮನೆ" ಎಂದು ಕಂಡ ಕೂಡಲೇ, ಪಾಪ, ತಟ್ಟೆ ತೊಳೆಯುವವರು ಪಿಕ್ನಿಕ್ ಮಾಡಿಕೊಳ್ಳಲಿ ಎಂದು ಠಸ್ಸೆ ಒತ್ತಿಬಿಟ್ಟಳು. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಹುಲ್ಲುಹಾಸು ನನ್ನ ಹೆಸರಿನಲ್ಲಿ!

ಮನೆಗೆ ಬಂದು ಯೋಚಿಸಿದೆ. ಹೆಸರು ನನ್ನದೆಂದ ಮೇಲೆ ಕಾರ್ಯವೂ ನನ್ನದೇ. ಜನ ಬರದಿದ್ದರೆ ಮರ್ಯಾದೆ ಹೋಗುವುದು ಯಾರದು? ಕ್ಲೇರ್ ನಾಲ್ಕು ಕಡೆ ಚೀಟಿ ಅಂಟಿಸಿದ್ದಳು. ಗೋಡೆಗೆ ಅಂಟಿಸಿದರೆ ಯಾರಾದರೂ ಬರುತ್ತಾರೆಯೇ? ನಮ್ಮಲ್ಲಿ ಮನೆಮನೆಗೆ ಹೋಗಿ, ಅಕ್ಷತೆ ಕೊಟ್ಟು, ಬಾಯಿ ತುಂಬ ಕರೆಯದಿದ್ದರೆ ಅದನ್ನು ಕರೆದದ್ದು ಎಂದು ಯಾರೂ ಒಪ್ಪುವುದಿಲ್ಲ. ಆದರೆ ಕುಂಕುಮ ಕೊಟ್ಟು ಕರೆಯುವ ಹಕ್ಕು ಗಂಡ ಸತ್ತವಳಿಗೆ ಇಲ್ಲವೆಂದು ನಮ್ಮವರ ರೂಢಿ. ಅದಕ್ಕೆ ಪದ್ಮಾಳನ್ನು ಜೊತೆಗೆ ಕರೆದುಕೊಂಡೆ.

"ಎಂಥ ಫಂಕ್ಷನ್ ಗಿರಿಜಕ್ಕ?"

"ಯುದ್ಧ ಬ್ಯಾಡ ಅನ್ನೂದು."

"ಯುದ್ಧ ನಿಮಗೂ ಬೇಡ, ನನಗೂ ಬೇಡ. ಅದಕ್ಕೆ ಸಿಹಿ ಎಂಥ ಮಾಡುದು?"

ಅವಳ ಪ್ರಶ್ನೆ ನ್ಯಾಯವಾಗಿಯೇ ಇತ್ತು. ಕೇಸರಿಬಾತ್ ಎಂದು ತೀರ್ಮಾನವಾಯಿತು. ಕೇಸರಿಬಾತ್ ಎಂದ ಮೇಲೆ ಉಪ್ಪಿಟ್ಟು ಬಂದೇ ಬರುತ್ತದೆ.

ಎರಡು ಸಂಜೆ ಸುತ್ತಿದೆವು. ಗ್ಲೆನ್ ವೇವರ್ಲಿಯ ಕನ್ನಡದ ಮನೆಗಳೆಲ್ಲ ಆದವು. ದೂರದ ಕ್ರೇಗಿಬರ್ನಿನ ಮೂರು ಮನೆಗಳಿಗೆ ಪದ್ಮಾಳ ಗಂಡನ ಕಾರಿನಲ್ಲಿ ಹೋದೆವು. ನಾನು ಸಂಕೋಚದಿಂದ ಪದ್ಮಾಳ ಹಿಂದೆ ನಿಲ್ಲುತ್ತಿದ್ದೆ. ಅವಳು ಕುಂಕುಮ ಹಚ್ಚಿ "ಶನಿವಾರ ಗಿರಿಜಕ್ಕಂದು ಕಾಲೇಜಲ್ಲಿ ಒಂದು ಒಳ್ಳೆ ಕಾರ್ಯ ಉಂಟು, ಎಲ್ಲರೂ ಊಟಕ್ಕೆ ಬರ್ಬೇಕು" ಎನ್ನುತ್ತಿದ್ದಳು. ಯುದ್ಧದ ವಿಷಯ ಹೇಳು ಎಂದು ನಾನು ಹಿಂದಿನಿಂದ ಚಿವುಟುತ್ತಿದ್ದೆ. "ಹೊಸಿಲಲ್ಲಿ ನಿಂತು ಯುದ್ಧ ಗಿದ್ಧ ಅನ್ಲಿಕ್ಕೆ ಆಗ್ತದಾ ಮಾರಾಯ್ರೆ, ಅಪಶಕುನ!" ಎಂದು ಅವಳು ಹೊರಗೆ ಬಂದು ನನಗೇ ಬೈದಳು.

ಆಗ ನನಗೆ ದೊಡ್ಡ ಸಂಗತಿಯೊಂದು ಹೊಳೆಯಿತು. ನಮ್ಮೂರಿನಲ್ಲಿ ಏನೇ ಸಭೆಯಾಗಲಿ, ಅಧ್ಯಕ್ಷರು ಇರಬೇಕು. ಶಾಲೆಯ ಅಂಗಳದಲ್ಲಾದರೆ ಹೆಡ್‌ಮಾಸ್ತರರೇ ಅಧ್ಯಕ್ಷರು. ಅವರನ್ನು ಬಿಟ್ಟು ಅವರದೇ ಅಂಗಳದಲ್ಲಿ ಸಭೆ ಮಾಡುವುದೆಂದರೆ ಎಂಥ ಅವಮರ್ಯಾದೆ!

"ಪದ್ಮಾ, ಅಧ್ಯಕ್ಷರನ್ನs ಕರೀಲಿಲ್ಲಲ್ಲ!"

"ಅಯ್ಯೋ ದೇವರೇ, ಹೌದಲ್ಲ!"

ನೋಡಿ ಮಕ್ಕಳೇ, ಆ ಹೊತ್ತಿಗೆ ನಮ್ಮಿಬ್ಬರಲ್ಲಿ ಒಬ್ಬಳಿಗಾದರೂ ಬುದ್ಧಿ ಇರಬೇಕಿತ್ತು. ಇರಲಿಲ್ಲ.

ಗುರುವಾರ ಸಂಜೆ ಪ್ರಿನ್ಸಿಪಾಲರ ಮನೆಯ ಗಂಟೆ ಒತ್ತಿದೆವು. ಕಾಲೇಜಿನ ಆವರಣದಲ್ಲೇ ಅವರ ಮನೆ. ಅವರೇ ಬಾಗಿಲು ತೆಗೆದರು. ಪದ್ಮಾ ಅವರ ಬಲಗೈ ಹಿಡಿದು ಬಿಡಿಸಿ ಅಕ್ಷತೆ ಹಾಕಿ, ಮೇಲೊಂದು ತೆಂಗಿನಕಾಯಿ ಇಟ್ಟಳು. ಅವರು ಹಳದಿ ಅಕ್ಕಿಯನ್ನು ಬಹಳ ಹೊತ್ತು ನೋಡಿದರು.

"ಇದನ್ನು ಬೇಯಿಸಬೇಕೆ?"

"ಬೇಡ ಸರ್, ತಲೆಗೆ ಹಾಕಿಕೊಳ್ಳಿ" ಎಂದಳು ಪದ್ಮಾ. ನಂತರ ನನ್ನ ಬೆನ್ನಿಗೆ ಗುದ್ದಿದಳು.

ನಾನು ಅವರ ಬೂಟು ನೋಡುತ್ತ ಹೇಳಿದೆ, "ಸರ್, ಶನಿವಾರ ನಮ್ಮ ಸಭೆ. ನೀವೇ ಅಧ್ಯಕ್ಷರು."

"ಯಾವ ಸಭೆ?"

"ಯುದ್ಧ ಬೇಡ ಅನ್ನೋ ಸಭೆ, ಸರ್. ನಿಮ್ಮ ಹುಲ್ಲಿನ ಮೇಲೆ."

ಪ್ರಿನ್ಸಿಪಾಲರ ಮುಖ ಬಿಗಿಯಾಯಿತು. "ಗಿರಿಜಾ, ನನ್ನ ಪ್ರಕಾರ ಈ ಯುದ್ಧ ಆಗಲೇಬೇಕು."

"ಇರಲಿ ಸರ್. ಅಧ್ಯಕ್ಷರು ಕೊನೆಗೆ ನಾಲ್ಕು ಮಾತಾಡಿದರೆ ಸಾಕು."

"ನಾನು ಬರದಿದ್ದರೆ?"

"ಕುರ್ಚಿ ಖಾಲಿ ಇಡ್ತೀವಿ ಸರ್. ನಿಮ್ಮ ಹೆಸರು ಹೇಳಿಯೇ ಶುರು ಮಾಡ್ತೀವಿ."

ನಾನು ಹೇಳಿದ್ದು ಬರೀ ಗೌರವದ ಮಾತು. ನಮ್ಮಲ್ಲಿ ಹಾಗೆಯೇ ಮಾಡುವುದು. ಅವರಿಗೆ ಅದು ಬೆದರಿಕೆಯಂತೆ ಕೇಳಿಸಿರಬೇಕು. ಕಿವಿ ಕೆಂಪಾಯಿತು.

"ಹಾಗಾದರೆ ನಾನು ಬರುತ್ತೇನೆ. ಅರ್ಜಿಗೆ ಸಹಿ ಹಾಕಿದ್ದು ಯಾರು?"

"ನಾನು, ಸರ್."

"ಸೋಮವಾರ ಬೆಳಿಗ್ಗೆ ನನ್ನ ಆಫೀಸಿಗೆ ಬನ್ನಿ. ಈ ಕಾಲೇಜಿನಲ್ಲಿ ನೀವು ಕೆಲಸ ಮುಂದುವರಿಸುವ ಬಗ್ಗೆ ಮಾತಾಡೋಣ."

ಬಾಗಿಲು ಮುಚ್ಚಿತು. ತೆಂಗಿನಕಾಯಿ ಒಳಗೇ ಉಳಿಯಿತು. ಕರೆದದ್ದಂತೂ ಕ್ರಮವಾಗಿಯೇ ಆಯಿತಲ್ಲ ಎಂದು ಪದ್ಮಾ ಸಮಾಧಾನ ಹೇಳಿದಳು. ಕಿಟಕಿ, ಎದುರು ಮನೆಯ ಕಸದ ಡಬ್ಬಿ, ಎಲ್ಲ ನನ್ನ ಕಣ್ಣ ಮುಂದೆ ಬಂದವು.

ಮರುದಿನ ಕ್ಲೇರ್‌ಗೆ ತಿಳಿಸಿದೆ. ಅವಳು ನಿಂತಲ್ಲೇ ಕುಸಿದು ಈರುಳ್ಳಿ ಚೀಲದ ಮೇಲೆ ಕುಳಿತಳು. "ಯುದ್ಧ ಬೇಕೆನ್ನುವವರನ್ನೇ ನಮ್ಮ ಸಭೆಗೆ ಅಧ್ಯಕ್ಷರು ಮಾಡಿದಿರಾ?" ಎಂದಳು. ಸಮೀರಾ ನನ್ನ ಕೈ ಹಿಡಿದು "ನನ್ನಿಂದ ನಿನ್ನ ಕೆಲಸ ಹೋಗುತ್ತದೆ. ಬೇಡವೆಂದು ಹೇಳಿಬಿಡು" ಎಂದಳು. ಅಕ್ಷತೆ ಕೊಟ್ಟಾದ ಮೇಲೆ ಬೇಡವೆನ್ನುವುದು ಹೇಗೆ? ಅವಳಿಗೆ ಅದನ್ನು ಇಂಗ್ಲಿಷಿನಲ್ಲಿ ವಿವರಿಸಲು ನನ್ನಿಂದಾಗಲಿಲ್ಲ.

ಅದೇ ಸಂಜೆ ನಿಮ್ಮಪ್ಪ ಟ್ರೇನಿನಿಂದ ಇಳಿದು ಓಡಿಕೊಂಡೇ ಮನೆಗೆ ಬಂದ. ಟ್ರೇನಿನಲ್ಲಿ ಬೆಂಗಳೂರಿನ ಮೂರ್ತಿ ಸಿಕ್ಕಿದ್ದರಂತೆ. "ಏನ್ರೀ ವೆಂಕಟೇಶ್, ನಿಮ್ ತಾಯಿ ಈ ವಯಸ್ಸಲ್ಲಿ ಡಿಗ್ರಿ ತಗೊಳ್ತಿದಾರಂತೆ, ಗ್ರೇಟ್ ರೀ! ನಾವು ಫ್ಯಾಮಿಲಿ ಸಮೇತ ಬರ್ತಿದೀವಿ" ಎಂದರಂತೆ. ಕಾಲೇಜು, ಒಳ್ಳೆಯ ಕಾರ್ಯ, ಊಟ. ಜನ ತಾವೇ ಒಂದು ಅರ್ಥ ಹಚ್ಚಿಕೊಂಡಿದ್ದರು.

"ಅವ್ವಾ, ಏನ ನಡಸೀದಿ?"

ಹೇಳಿದೆ. ನಿಮ್ಮಪ್ಪ ತಲೆಯ ಮೇಲೆ ಕೈ ಇಟ್ಟು ಸೋಫಾದಲ್ಲಿ ಕುಳಿತ.

"ಸೋಮವಾರ ಕೆಲಸದಿಂದ ತಗೀತಾರ. ಬರೋಬ್ಬರಿ ಆತು. ಮನ್ಯಾಗ ಕೂಡು ಇನ್ನ."

"ಅದು ಸೋಮವಾರದ್ದು. ಶನಿವಾರ ರವಾ ಹುರಿಯಾಕ ನಿನ್ನ ಹೇಣ್ತಿಗೆ ಬಾ ಅನ್ನು" ಎಂದೆ. ಧೈರ್ಯದಿಂದಲ್ಲ. ಅರವತ್ತು ಜನರ ಉಪ್ಪಿಟ್ಟು ನನ್ನೊಬ್ಬಳಿಂದ ಆಗುವಂತಿರಲಿಲ್ಲ.

ಶನಿವಾರ ಬಂತು. ಹುಲ್ಲುಹಾಸಿನ ಒಂದು ಮೂಲೆಯಲ್ಲಿ ಕ್ಲೇರ್ ಮತ್ತು ಇಪ್ಪತ್ತು ಜನ, ಎಲ್ಲರೂ ಕಪ್ಪು ಬಟ್ಟೆ, ಕೈಯಲ್ಲಿ ಫಲಕ, ಮುಖದಲ್ಲಿ ದುಃಖ. ಅತ್ತ ಗೇಟಿನಿಂದ ನಮ್ಮವರ ದಂಡು: ಜರಿ ಸೀರೆ, ಇಳಕಲ್ ಸೀರೆ, ಮಲ್ಲಿಗೆಯ ಬದಲು ಪ್ಲಾಸ್ಟಿಕ್ ಹೂವು, ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಉಡುಗೊರೆ. ನನಗೆ ಏಳು ಗೋಡೆ ಗಡಿಯಾರ ಬಂದವು. "ಕಂಗ್ರಾಜುಲೇಶನ್ಸ್ ಆಂಟಿ, ಯಾವ ಸಬ್ಜೆಕ್ಟು?" ಎಂದು ಎಲ್ಲರೂ ಕೇಳುವವರೇ. "ಶಾಂತಿ" ಎಂದೆ. "ಓ, ಆರ್ಟ್ಸಾ?" ಎಂದರು. ಮಕ್ಕಳು ನೂರು ವರ್ಷದಿಂದ ಯಾರೂ ಓಡದ ಹುಲ್ಲಿನ ಮೇಲೆ ಮುಟ್ಟಾಟ ಶುರು ಮಾಡಿದರು. ಇಂಚರಾ, ಎಲ್ಲರಿಗಿಂತ ಮುಂದೆ ನೀನೇ ಇದ್ದೆ.

ಯುದ್ಧ ಬೇಕು ಎನ್ನುವ ಟೈ ಕಟ್ಟಿದ ಹುಡುಗರ ಗುಂಪೊಂದು ದೊಡ್ಡ ಬಾವುಟ ಹಿಡಿದು ನಮ್ಮನ್ನು ವಿರೋಧಿಸಲು ಬಂತು. ಅವರು ಘೋಷಣೆ ಕೂಗಲು ಬಾಯಿ ತೆರೆದರು. ಪದ್ಮಾ ಅಷ್ಟರಲ್ಲಿ ಪ್ಲೇಟು ಹಿಡಿಸಿದಳು. "ತಿನ್ನಿ ಮಾರಾಯ್ರೆ, ಬಿಸಿ ಉಂಟು. ಆಮೇಲೆ ಕೂಗಿ." ಅವರು ಬಾವುಟವನ್ನು ಮರಕ್ಕೆ ಒರಗಿಸಿ ಸಾಲಿನಲ್ಲಿ ನಿಂತರು. ಎರಡನೇ ಸಲವೂ ನಿಂತರು.

ಸರಿಯಾಗಿ ಹನ್ನೆರಡಕ್ಕೆ ಪ್ರಿನ್ಸಿಪಾಲರು ಬಂದರು. ಸೂಟು, ಮೇಲೆ ಕಪ್ಪು ನಿಲುವಂಗಿ. ನಮ್ಮವರೆಲ್ಲ ಎದ್ದು ನಿಂತು ಕೈ ಮುಗಿದರು. ಕುರ್ಚಿಯಲ್ಲಿ ಕುಳಿತ ಮೇಲೆ ಅವರು ನನ್ನನ್ನು ನೋಡಿದರು. ಎಲ್ಲರೂ ನನ್ನನ್ನು ನೋಡಿದರು. ಆಗ ಗೊತ್ತಾಯಿತು: ಎಲ್ಲ ವ್ಯವಸ್ಥೆ ಮಾಡಿದ್ದೆ, ಸ್ವಾಗತ ಭಾಷಣಕ್ಕೆ ಯಾರನ್ನೂ ಗೊತ್ತು ಮಾಡಿರಲಿಲ್ಲ!

ಸೆರಗು ಹಿಂಡಿದೆ. ಕೊನೆಗೆ ನನ್ನ ಜೀವಮಾನದ ಏಕೈಕ ಇಂಗ್ಲಿಷ್ ಭಾಷಣ ಹೊರಬಂತು: "ವೆಲ್‌ಕಮ್. ನೋ ವಾರ್. ಲಂಚ್ ರೆಡಿ."

ಕುಳಿತುಬಿಟ್ಟೆ. ಕುರ್ಚಿ ಇರಲಿಲ್ಲ. ಹುಲ್ಲಿನ ಮೇಲೆಯೇ.

ಅಧ್ಯಕ್ಷರು ಎದ್ದರು. ಹದಿನೈದು ನಿಮಿಷ ಮಾತಾಡಿದರು. ಯುದ್ಧ ಏಕೆ ಬೇಕು, ಶಾಂತಿ ಶಾಂತಿ ಎನ್ನುವವರು ಹೇಗೆ ತಿಳಿಗೇಡಿಗಳು, ಈ ಕಾಲೇಜಿನ ವೀರರು ಹಿಂದೆ ಹೇಗೆ ಪ್ರಾಣ ಕೊಟ್ಟರು, ಎಲ್ಲ. ಮೈಕು ಇರಲಿಲ್ಲ. ಹಿಂದೆ ಕುಳಿತ ನಮ್ಮವರಿಗೆ ಒಂದು ಮಾತೂ ಕೇಳಿಸಲಿಲ್ಲ. ಆದರೆ ಅಧ್ಯಕ್ಷರ ಭಾಷಣಕ್ಕೆ ಚಪ್ಪಾಳೆ ತಟ್ಟದೆ ಇರುವುದುಂಟೇ? ಅವರು ಉಸಿರು ತೆಗೆದುಕೊಂಡಲ್ಲೆಲ್ಲ ಅರವತ್ತು ಜನ ಚಪ್ಪಾಳೆ! ಯುದ್ಧ ಬೇಡವೆಂಬ ಸಭೆಯಲ್ಲಿ ಯುದ್ಧಕ್ಕೆ ಇಂಥ ಬೆಂಬಲ ಪ್ರಧಾನಮಂತ್ರಿಗೂ ಸಿಕ್ಕಿರಲಾರದು. ಕ್ಲೇರ್ ಫಲಕದ ಹಿಂದೆ ಮುಖ ಮುಚ್ಚಿಕೊಂಡಳು. ಚಪ್ಪಾಳೆ ನಿಲ್ಲುವ ಮೊದಲೇ ಪದ್ಮಾ ಮುಂದೆ ಹೋಗಿ ಅವರಿಗೆ ಶಾಲು ಹೊದಿಸಿ, ಗಂಧದ ಹಾರ ಹಾಕಿಬಿಟ್ಟಳು.

"ಈ ಹಾರ ಎಲ್ಲಿಂದ ತಂದಿ?" ಎಂದು ಅವಳ ಕಿವಿಯಲ್ಲಿ ಕೇಳಿದೆ.

"ನಮ್ಮ ಮಾವನ ಫೋಟೋದ್ದು. ಒಂದು ಗಂಟೆ ಹೊತ್ತಿಗೆ ಅಲ್ವಾ, ಮಾವ ಎಂಥ ಹೇಳುದಿಲ್ಲ."

ಪ್ರಿನ್ಸಿಪಾಲರು ಸತ್ತವರ ಹಾರ ಹಾಕಿಕೊಂಡು ನಿಂತಿದ್ದರು. ಸಮೀರಾ ಒಂದು ತಟ್ಟೆಯಲ್ಲಿ ಉಪ್ಪಿಟ್ಟು ಕೇಸರಿಬಾತ್ ತಂದು ಅವರಿಗೆ ಕೊಟ್ಟಳು. ಅವರಿಗೆ ಆ ಹೊತ್ತಿಗೆ ಏನಾದರೂ ಒಳ್ಳೆಯ ಮಾತಾಡಬೇಕು ಅನ್ನಿಸಿತೇನೋ.

"ನೀವೂ ಭಾರತದವರೇ?"

"ಬಸ್ರಾ, ಸರ್. ಇರಾಕ್. ನನ್ನ ತಂಗಿ ಈಗಲೂ ಅಲ್ಲಿದ್ದಾಳೆ. ಮೂರು ಮಕ್ಕಳು."

ಅವರು ಚಮಚ ಎತ್ತಿದವರು ಹಾಗೆಯೇ ಇಳಿಸಿದರು. ತಟ್ಟೆ ಹಿಡಿದುಕೊಂಡು ನಿಂತೇ ಇದ್ದರು. ಅಧ್ಯಕ್ಷರು ತಿನ್ನದೆ ನಿಂತಿದ್ದಾರೆಂದು ನಮ್ಮವರೂ ಸುಮ್ಮನಾದರು. ಟೈ ಹುಡುಗರೂ ಸುಮ್ಮನಾದರು. ಮಕ್ಕಳ ಆಟವೂ ನಿಂತಿತು. ಕ್ಲೇರ್ ಮೆಲ್ಲಗೆ ಫಲಕ ಎತ್ತಿ ಹಿಡಿದಳು. ಇಪ್ಪತ್ತು ನಿಮಿಷ ಆಯಿತೋ ಎರಡೇ ನಿಮಿಷವೋ ತಿಳಿಯದು. ಏಳು ಗಡಿಯಾರಗಳಿದ್ದವು, ಒಂದಕ್ಕೂ ಸೆಲ್ ಹಾಕಿರಲಿಲ್ಲ.

ಸೋಮವಾರ ಹೊಸ ಸೀರೆ ಉಟ್ಟು ಪ್ರಿನ್ಸಿಪಾಲರ ಆಫೀಸಿಗೆ ಹೋದೆ. ಹೋಗುವುದಾದರೆ ಮರ್ಯಾದೆಯಿಂದ ಹೋಗೋಣವೆಂದು. ಅವರು ಒಳಗೆ ಕರೆಯಲೇ ಇಲ್ಲ. ಪತ್ರವನ್ನು ಮನೆಗೆ ಕಳಿಸಲಾಗುವುದು ಎಂದು ಆಫೀಸಿನ ಹೆಂಗಸು ಹೇಳಿದಳು. ಮೂರು ದಿನ ನಾನು ತಟ್ಟೆ ಜೋಡಿಸುತ್ತ ಪ್ರತಿಯೊಂದು ತಟ್ಟೆಗೂ ಮನಸ್ಸಿನಲ್ಲೇ ಹೋಗಿಬರುತ್ತೇನೆ ಎಂದೆ.

ಗುರುವಾರ ಪತ್ರ ಬಂತು. ಅದೇ ದಿನ ಯುದ್ಧವೂ ಶುರುವಾಗಿತ್ತು. ಟಿವಿಯಲ್ಲಿ ಹೊಗೆ ಕಾಣುತ್ತಿತ್ತು. ನಿಮ್ಮಪ್ಪ ಲಕೋಟೆ ಒಡೆದು ಓದಿದ. ಮತ್ತೊಮ್ಮೆ ಓದಿದ.

"ತಗದಾರೇನ?"

"ಇಲ್ಲವ್ವಾ. ಎಚ್ಚರಿಕಿ ಕೊಟ್ಟಾರ."

"ಯುದ್ಧದ ವಿರುದ್ಧ ಮಾತಾಡಿದ್ದಕ್ಕ?" ನನ್ನ ಎದೆ ಸ್ವಲ್ಪ ಉಬ್ಬಿತ್ತು.

"ಯುದ್ಧದ ಸುದ್ದಿನs ಇಲ್ಲ. ಅಡಗೀಮನಿ ಪರವಾನಗಿ ಇಲ್ಲದs ಹೊರಗಿನ ಉಪ್ಪಿಟ್ಟು ಹಂಚಿದ್ದಕ್ಕ."

ಇಷ್ಟೇ! ನಾನು ನಾಡಿನ ವಿರುದ್ಧ ನಿಂತೆನೆಂದು ಮೂರು ದಿನ ಬೆವರಿದ್ದೆ. ಸರಕಾರಕ್ಕೂ ಬೇಡ, ಕಾಲೇಜಿಗೂ ಬೇಡವಾದ ಅಪರಾಧಿ ನಾನು.

"ಕಂಪ್ಲೇಂಟ್ ಬಂತಲ್ಲೋ ವೆಂಕೂ. ಮನ್ಯಾಗ ಕೂಡ್ಲೇನ ಇನ್ನ?" ಎಂದು ಕೇಳಿದೆ.

ನಿಮ್ಮಪ್ಪ ಟಿವಿಯ ಕಡೆ ನೋಡಿದ. ಆಮೇಲೆ ಪತ್ರ ಮಡಚಿದ. "ನಾಳೆ ಸಮೀರಾ ಒಬ್ಬಾಕೇನs ಇರ್ತಾಳ. ನೀ ಹೋಗು" ಎಂದ.

ಹೋದೆ. ಮುಂದೆ ಆರು ವರ್ಷ ಹೋದೆ, ಸೊಂಟ ಬೇಡವೆನ್ನುವ ತನಕ. ಕೆಲವು ತಿಂಗಳಾದ ಮೇಲೆ ಸಮೀರಾಳ ತಂಗಿಯ ಫೋನು ಹತ್ತಿತು. ಅವಳೂ ಮಕ್ಕಳೂ ಜೀವಂತವಾಗಿದ್ದರು. ಅದರಲ್ಲಿ ನನ್ನ ಸಭೆಯ ಪಾತ್ರ ಏನೂ ಇರಲಿಲ್ಲವೆಂದು ದೇವರಾಣೆಗೂ ಹೇಳಬಲ್ಲೆ. ಯುದ್ಧ ನಿಲ್ಲಿಸಲು ಹೊರಟ ನಿಮ್ಮ ಅಜ್ಜಿ ಕೊನೆಗೆ ನಿಲ್ಲಿಸಿದ್ದು ಒಂದನ್ನೇ: ಆ ಕಾಲೇಜಿನಲ್ಲಿ ಹೊರಗಿನ ತಿಂಡಿ ತರುವ ಪದ್ಧತಿಯನ್ನು. ನನ್ನ ಪತ್ರ ಬಂದ ವಾರವೇ ಗೋಡೆಗೆ ಹೊಸ ನಿಯಮ ಅಂಟಿಸಿದರು. ಎಲ್ಲ ಸಿಬ್ಬಂದಿಯೂ ನನ್ನನ್ನು ಬಹಳ ದಿನ ನೆನೆದರು.

ಈ ಹಾಳೆಗಳನ್ನು ಎಲ್ಲಾದರೂ ಜೋಪಾನವಾಗಿ ಇಟ್ಟುಕೊಳ್ಳಿ, ಮಕ್ಕಳೇ. ಮುಂದೆ ಯಾವಾಗಲಾದರೂ ಮತ್ತೊಂದು ಯುದ್ಧ ಬಂದರೆ, ಬರದಿರಲಿ, ತೆಗೆದು ಓದಿಸಿಕೊಳ್ಳಿ. ನೀವೂ ಸಭೆ ಮಾಡಿ. ಅಜ್ಜಿ ಮಾಡಿದ್ದನ್ನೆಲ್ಲ ಬಿಟ್ಟು ಮಾಡಿ, ಚೆನ್ನಾಗಿ ಆಗುತ್ತದೆ.